ಹಾರ್ಡ್ ಡಿಸ್ಕ್ ಬಾಯಿ ಬಿಡಲ್ಲ, ನಾವು ವಿಂಡೋಸ್‌ಗೆ ಬೈತೀವಿ

ಕಂಪ್ಯೂಟರ್ ಆನ್ ಆಗೋಕೆ ಐದು ನಿಮಿಷ ತಗೊಳ್ತಿದೆ ಅಂತ ಯಾರಾದ್ರೂ ಹೇಳಿದ್ರೆ ಸಾಕು, ಸುತ್ತ ಇದ್ದವರೆಲ್ಲ ಶುರು ಮಾಡ್ತಾರೆ, ವೈರಸ್ ಇರಬೇಕು, ಟೆಂಪ್ ಫೈಲ್ ಡಿಲೀಟ್ ಮಾಡಿ, ರಿಜಿಸ್ಟ್ರಿ ಕ್ಲೀನ್ ಮಾಡಿ, ಡಿಫ್ರಾಗ್ (ಡಿಸ್ಕ್ ತುಂಬ ಚೆದುರಿರೋ ಫೈಲ್ ತುಂಡುಗಳನ್ನ ಒಂದೆಡೆ ಸೇರಿಸೋದು) ಓಡಿಸಿ, ಯಾವುದಕ್ಕೂ ಬಗ್ಗಲಿಲ್ಲ ಅಂದ್ರೆ ಫಾರ್ಮ್ಯಾಟ್ ಹೊಡೀರಿ. ತಡ ಎಲ್ಲಿ ಆಗ್ತಿದೆ ಅಂತ ಒಬ್ಬರೂ ಕೇಳಲ್ಲ. ನನ್ನ ಪ್ರಕಾರ ಇದೂ ಮೂಢನಂಬಿಕೆನೇ, ಅದರಲ್ಲೂ ಅಪಾಯದ್ದು, ಯಾಕಂದ್ರೆ ಸಾಯೋಕೆ ಬಂದಿರೋ ಡಿಸ್ಕ್ ಮೇಲೆ ಗಂಟೆಗಟ್ಟಲೆ ಡಿಫ್ರಾಗ್ ಓಡಿಸಿದ್ರೆ ಅದರ ಆಯಸ್ಸು ಇನ್ನಷ್ಟು ಕಮ್ಮಿ ಆಗುತ್ತೆ.

ಪವರ್ ಬಟನ್ ಒತ್ತಿದ ಮೇಲೆ ಮೊದಲು ಎದ್ದೇಳೋದು ಮದರ್‌ಬೋರ್ಡ್‌ನ ಫರ್ಮ್‌ವೇರ್ (ಯಂತ್ರದೊಳಗೇ ಕೂತಿರೋ ಮೂಲ ಸಾಫ್ಟ್‌ವೇರ್), ಅಂದ್ರೆ ಬಯೋಸ್ ಅಥವಾ ಈಗಿನ ಯುಇಎಫ್‌ಐ. ವಿಂಡೋಸ್ ಬರೋದು ಆಮೇಲೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಟ್ಯಾಬ್‌ನಲ್ಲಿ ಮೇಲ್ಗಡೆ ಬಲಕ್ಕೆ 'ಲಾಸ್ಟ್ ಬಯೋಸ್ ಟೈಮ್' ಅಂತ ಸೆಕೆಂಡ್ ಲೆಕ್ಕದಲ್ಲಿ ಕಾಣುತ್ತೆ, ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ-ಅನಲೈಜ್ (systemd-analyze) ಅಂತ ಕಮಾಂಡ್ ಕೊಟ್ರೆ ಫರ್ಮ್‌ವೇರ್‌ಗೆ ಎಷ್ಟು, ಲಿನಕ್ಸ್‌ನ ಎಬ್ಬಿಸೋ ಲೋಡರ್‌ಗೆ ಎಷ್ಟು, ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಎಷ್ಟು ಅಂತ ಬಿಡಿಸಿ ಹೇಳುತ್ತೆ. ಬಯೋಸ್ ಟೈಮೇ 40 ಸೆಕೆಂಡ್ ಇದ್ರೆ ವಿಂಡೋಸ್ ಒಳಗೆ ಏನು ಗುಡಿಸಿದ್ರೂ ಆ 40 ಸೆಕೆಂಡ್ ಕರಗಲ್ಲ.

ಆ ಹಂತದಲ್ಲೂ ಹಾರ್ಡ್ ಡಿಸ್ಕ್ ಕೈವಾಡ ಇರಬಹುದು. ಫರ್ಮ್‌ವೇರ್ ಡಿಸ್ಕ್ ಸಿಕ್ಕಿಸೋ ಪ್ರತಿ ಸಾಟಾ ಪೋರ್ಟ್‌ಗೂ ಹೋಗಿ ನೀನು ಯಾರು ಅಂತ ಕೇಳುತ್ತೆ, ಉತ್ತರ ಕೊಡೋಕೆ ಮುಂಚೆ ಡಿಸ್ಕ್ ತನ್ನ ತಟ್ಟೆಗಳನ್ನ ಪೂರ್ತಿ ವೇಗಕ್ಕೆ ತಿರುಗಿಸಬೇಕು, ತನ್ನದೇ ಫರ್ಮ್‌ವೇರ್‌ನ ಓದ್ಕೋಬೇಕು. ಹೌದು, ಡಿಸ್ಕ್‌ಗೂ ಸ್ವಂತ ಪ್ರೊಸೆಸರ್, ಸ್ವಂತ ಸಾಫ್ಟ್‌ವೇರ್ ಇದೆ, ಅದರ ದೊಡ್ಡ ಭಾಗ ನಮ್ಮ ಕಣ್ಣಿಗೆ ಬೀಳದ ಟ್ರ್ಯಾಕ್‌ಗಳಲ್ಲಿ, ಅಂದ್ರೆ ಡೇಟಾ ಬರೆಯೋ ವೃತ್ತಗಳಲ್ಲಿ, ತಟ್ಟೆ ಮೇಲೇ ಇರುತ್ತೆ. ಆ ಜಾಗವೇ ಕೆಟ್ಟಿದ್ರೆ ಡಿಸ್ಕ್ ತಡವರಿಸುತ್ತೆ, ಕಂಪನಿ ಲೋಗೋ ಸ್ಕ್ರೀನ್ ಮೇಲೆ ನಿಂತೇ ಇರುತ್ತೆ, ಡಿಸ್ಕ್ ಮತ್ತು ಕಂಪ್ಯೂಟರ್ ಹೇಗೆ ಮಾತಾಡಬೇಕು ಅನ್ನೋ ಎಟಿಎ ನಿಯಮದ ಪ್ರಕಾರ ರೆಡಿ ಆಗೋಕೆ ಡಿಸ್ಕ್‌ಗೆ 31 ಸೆಕೆಂಡ್‌ವರೆಗೂ ಅವಕಾಶ ಇದೆ. 2009ರಲ್ಲಿ ಸೀಗೇಟ್‌ನ ಬಾರಾಕುಡಾ 7200.11 ಸರಣಿಯ ಕೆಲವು ಡಿಸ್ಕ್‌ಗಳು ಫರ್ಮ್‌ವೇರ್ ದೋಷದಿಂದ ಆನ್ ಮಾಡೋ ಹೊತ್ತಲ್ಲೇ ಲಾಕ್ ಆಗಿ ಬಯೋಸ್‌ಗೆ ಕಾಣೋದೇ ನಿಂತುಹೋಗಿತ್ತು, ಒಳಗಿನ ಡೇಟಾ ಮಾತ್ರ ಹಾಗೇ ಇತ್ತು. ಅನುಮಾನ ಇದ್ರೆ ಪವರ್ ಆಫ್ ಮಾಡಿ ಡಿಸ್ಕ್‌ನ ಕೇಬಲ್ ಬಿಚ್ಚಿ ಆನ್ ಮಾಡಿ ನೋಡಿ, ಲೋಗೋ ತಕ್ಷಣ ಸರಿದುಹೋದ್ರೆ ಕಳ್ಳ ಸಿಕ್ಕ ಹಾಗೆ. ಎರಡನೇ ಡಿಸ್ಕು, ಯುಎಸ್‌ಬಿ ಡಿಸ್ಕು ಇದ್ರೆ ಅವನ್ನೂ ಬಿಚ್ಚಿ ನೋಡಿ.

ಈಗ ನನಗೆ ತುಂಬಾ ಇಷ್ಟದ ಭಾಗಕ್ಕೆ ಬರ್ತೀನಿ. ಲೋಗೋ ಬೇಗ ಹೋಗಿ ವಿಂಡೋಸ್‌ನ ಚುಕ್ಕಿಗಳು ಸುತ್ತುತ್ತಾನೇ ಇದ್ರೆ ಏನು ನಡೀತಿರಬಹುದು? 7200 ಆರ್‌ಪಿಎಂ, ಅಂದ್ರೆ ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಸೆಕೆಂಡ್‌ಗೆ 120 ಸುತ್ತು ತಿರುಗುತ್ತೆ, ಒಂದು ಸುತ್ತಿಗೆ 8.3 ಮಿಲಿಸೆಕೆಂಡ್. ಡೇಟಾ ಓದೋ ಹೆಡ್ ಒಂದು ಸೆಕ್ಟರ್ (ತಟ್ಟೆ ಮೇಲೆ ಡೇಟಾ ಇಡೋ ಪುಟ್ಟ ತುಂಡು) ಮೇಲೆ ಬಂತು, ಓದ್ತು, ಎರರ್ ಸರಿಪಡಿಸೋ ಕೋಡ್ ಹಾಕಿ ನೋಡಿದ್ರೂ ಲೆಕ್ಕ ಹೊಂದಲಿಲ್ಲ ಅಂದ್ಕೊಳ್ಳಿ, ಆಗ ಮತ್ತೆ ಆ ಸೆಕ್ಟರ್ ಹೆಡ್ ಕೆಳಗೆ ಬರೋವರೆಗೂ ಒಂದು ಪೂರ್ತಿ ಸುತ್ತು ಕಾಯಬೇಕು. ಮಳೇಲಿ ನೆಂದ ಚೀಟೀಲಿ ಅಕ್ಷರ ಅಳಿಸಿಹೋಗಿದ್ರೆ ನಾವು ಅದನ್ನ ಓರೆ ಹಿಡಿದು, ಬೆಳಕಿಗೆ ಹಿಡಿದು ಓದೋಕೆ ನೋಡ್ತೀವಲ್ಲ, ಡಿಸ್ಕ್ ಕೂಡ ಹೆಡ್‌ನ ಕೂದಲೆಳೆಗಿಂತ ಎಷ್ಟೋ ಕಮ್ಮಿ ಅಳತೇಲಿ ಆ ಕಡೆ ಈ ಕಡೆ ಸರಿಸಿ ಮತ್ತೆ ಮತ್ತೆ ಓದುತ್ತೆ. ನೂರು ಸಲ ಪ್ರಯತ್ನಿಸಿದ್ರೆ ಹೆಚ್ಚುಕಮ್ಮಿ ಒಂದು ಸೆಕೆಂಡ್, ಅದೂ ಒಂದೇ ಒಂದು ಸೆಕ್ಟರ್‌ಗೆ. ರೇಡ್‌ಗೆ (ಹಲವು ಡಿಸ್ಕ್ ಸೇರಿಸಿ ಒಂದಾಗಿ ಬಳಸೋದಕ್ಕೆ) ಅಂತ ಮಾಡಿರೋ ಡಿಸ್ಕ್‌ಗಳು ಸುಮಾರು 7 ಸೆಕೆಂಡ್‌ಗೆ ಕೈಬಿಡ್ತವೆ, ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್‌ಗಳು ಹಟಕ್ಕೆ ಬಿದ್ದು ಅರ್ಧ ನಿಮಿಷ ಮೀರಿದ್ರೂ ಬಿಡಲ್ಲ. ಲಿನಕ್ಸ್ 30 ಸೆಕೆಂಡ್, ವಿಂಡೋಸ್ ಸಾಮಾನ್ಯವಾಗಿ 60 ಸೆಕೆಂಡ್ ಕಾದು, ರಿಸೆಟ್ ಮಾಡಿ, ಮತ್ತೆ ಅದೇ ಸೆಕ್ಟರ್ ಕೇಳುತ್ತೆ. ಬೂಟ್‌ಗೆ ಬೇಕಾದ ಫೈಲ್‌ಗಳಲ್ಲಿ ಇಂಥ ನಾಲ್ಕೈದು ಸೆಕ್ಟರ್ ಸಿಕ್ಕಿಬಿಟ್ರೆ ಐದು ನಿಮಿಷ ಹೋಯ್ತು.

ಇದೆಲ್ಲ ನಮಗೆ ಯಾಕೆ ಕಾಣಲ್ಲ ಅಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1980ರಲ್ಲಿ ಬಂದ 5 ಎಂಬಿಯ ಎಸ್‌ಟಿ-506 ಕಾಲದ ಡಿಸ್ಕ್‌ಗಳಲ್ಲಿ ಕಂಟ್ರೋಲರ್, ಅಂದ್ರೆ ಡಿಸ್ಕ್‌ನ ನಡೆಸೋ ಸರ್ಕ್ಯೂಟ್, ಬೇರೆ ಕಾರ್ಡ್‌ನಲ್ಲಿ ಇರ್ತಿತ್ತು, ಯಾವ ಟ್ರ್ಯಾಕ್ ಕೆಟ್ಟಿದೆ ಅನ್ನೋ ಪಟ್ಟಿಯನ್ನ ಡಿಸ್ಕ್ ಮೇಲಿನ ಸ್ಟಿಕ್ಕರ್‌ನಲ್ಲೇ ಅಂಟಿಸಿ ಕಳಿಸ್ತಿದ್ರು, ಫಾರ್ಮ್ಯಾಟ್ ಮಾಡೋವಾಗ ಅದನ್ನ ನೋಡ್ಕೊಂಡು ಕೈಯಲ್ಲಿ ಟೈಪ್ ಮಾಡಬೇಕಿತ್ತು! 1986ರ ಹೊತ್ತಿಗೆ ವೆಸ್ಟರ್ನ್ ಡಿಜಿಟಲ್, ಕಾಂಪ್ಯಾಕ್ ಸೇರಿ ಐಡಿಇ ಅನ್ನೋ ಹೊಸ ಜೋಡಣೆ ಪದ್ಧತಿ ತಂದ್ರು, ಕಂಟ್ರೋಲರ್ ಡಿಸ್ಕ್ ಮೇಲೇ ಬಂದು ಕೂತಿತು, ಆಮೇಲಾಮೇಲೆ ಕೆಟ್ಟ ಸೆಕ್ಟರ್ ಬದಲಿಗೆ ಒಳಗಿಂದೊಳಗೇ ಬೇರೆ ಜಾಗ ಕೊಡೋದನ್ನೂ ಡಿಸ್ಕ್ ಕಲಿತುಬಿಡ್ತು. ಅನುಕೂಲ ಅಷ್ಟಿಷ್ಟಲ್ಲ, ಆದ್ರೆ ಡಿಸ್ಕ್ ತನ್ನ ಕಾಯಿಲೆ ಮುಚ್ಚಿಡೋಕೆ ಶುರು ಮಾಡಿದ್ದೂ ಹೀಗೇ.

ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ಅನ್ನೋ ನಂಬಿಕೆ ಹುಟ್ಟಿದ್ದು ಕೂಡ ಇಲ್ಲಿಂದಲೇ ಇರಬೇಕು. ಓದೋಕಾಗದ ಸೆಕ್ಟರ್ ಮೇಲೆ ಹೊಸದಾಗಿ ಬರೆದಾಗ, ಅದು ನಿಜಕ್ಕೂ ಕೆಟ್ಟಿದ್ರೆ ಡಿಸ್ಕ್ ಅದರ ಬದಲಿಗೆ ಬೇರೆ ಸೆಕ್ಟರ್ ಕೊಡುತ್ತೆ, ಹೊಸ ವಿಂಡೋಸ್ ಒಳ್ಳೆ ಜಾಗದಲ್ಲಿ ಹೋಗಿ ಕೂರುತ್ತೆ, ಒಂದೆರಡು ತಿಂಗಳು ಚೆನ್ನಾಗಿ ಓಡುತ್ತೆ. ಒಬ್ಬರ ಲ್ಯಾಪ್‌ಟಾಪ್ ಪದೇ ಪದೇ ಫಾರ್ಮ್ಯಾಟ್ ಆಗಿ ನನ್ನ ಹತ್ರ ಬಂತು, ಡಿಸ್ಕ್ ಲೈಟ್ ಮಿನುಗದೆ ಒಂದೇ ಸಮ ಉರೀತಿತ್ತು, ಮೌಸ್ ಓಡಾಡ್ತಿತ್ತು ಆದ್ರೆ ಏನೂ ಓಪನ್ ಆಗ್ತಿರಲಿಲ್ಲ, ಕಿವಿ ಇಟ್ರೆ ಒಂದೇ ಲಯದಲ್ಲಿ ಟಿಕ್ ಟಿಕ್. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡೋ ಸ್ಮಾರ್ಟ್ ಮಾಹಿತೀಲಿ 'ಪಾಸ್ಡ್' ಅಂತಲೇ ಇತ್ತು, ಕೆಳಗೆ 197 ಅನ್ನೋ ನಂಬರಿನ ಸಾಲಲ್ಲಿ ಮಾತ್ರ ಓದೋಕಾಗದೆ ಕಾಯ್ತಿರೋ ಸೆಕ್ಟರ್‌ಗಳು ಸಾಲುಗಟ್ಟಿದ್ವು. ಆ ಪಾಸ್ಡ್ ಅನ್ನೋ ಪದವನ್ನ ದಯವಿಟ್ಟು ನಂಬಬೇಡಿ. ಈ ಮಾಹಿತಿ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಆಗಲಿ ಸ್ಮಾರ್ಟ್‌ಸಿಟಿಎಲ್ ಆಗಲಿ ತೆಗೆದು 5, 197, 198 ಈ ನಂಬರಿನ ಸಾಲುಗಳ ರಾ ವ್ಯಾಲ್ಯೂ (ಮೂಲ ಎಣಿಕೆ) ನೋಡಿ, ಸೊನ್ನೆ ಬಿಟ್ಟು ಬೇರೆ ಏನಿದ್ರೂ, ಅದರಲ್ಲೂ ಏರ್ತಾ ಇದ್ರೆ, ಮೊದಲು ಬ್ಯಾಕಪ್, ಮಿಕ್ಕಿದ್ದೆಲ್ಲ ಆಮೇಲೆ. ವಿಂಡೋಸ್‌ನಲ್ಲಿ ಡಿಸ್ಕ್ ತಪ್ಪು ಹುಡುಕೋ ಚೆಕ್‌ಡಿಸ್ಕ್ ಕೂಡ ಬ್ಯಾಕಪ್ ಆದ ಮೇಲೇನೇ. 199ನೇ ಸಾಲು ಮಾತ್ರ ಏರ್ತಿದ್ರೆ ಖುಷಿಪಡಿ, ಸಾಮಾನ್ಯವಾಗಿ ಅದು ಕೇಬಲ್ ತೊಂದರೆ, ಬದಲಾಯಿಸಿದ್ರೆ ಮುಗೀತು.

ಚಿಪ್‌ಗಳಲ್ಲೇ ಡೇಟಾ ಇಡೋ ಎಸ್‌ಎಸ್‌ಡಿಗೆ ತಿರುಗೋ ತಟ್ಟೆ ಇಲ್ಲ, ಆದ್ರೂ ಮತ್ತೆ ಮತ್ತೆ ಓದೋ ಕಾಟ ತಪ್ಪಿದ್ದಲ್ಲ. ಸ್ಯಾಮ್‌ಸಂಗ್ 840 ಇವೊದಲ್ಲಿ ಹಳೇ ಡೇಟಾ ಓದೋದು ತೀರಾ ನಿಧಾನ ಆಗಿ 2014ರಲ್ಲಿ ಒಂದು ಫರ್ಮ್‌ವೇರ್, 2015ರಲ್ಲಿ ಇನ್ನೊಂದು ಬಿಡಬೇಕಾಯ್ತು.

ಇವೆಲ್ಲ ಸರಿ ಇದ್ದೂ ಬಯೋಸ್ ಟೈಮ್ ಜಾಸ್ತಿ ಇದ್ರೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ನೋಡಿ, ಅದು ಸತ್ತು ಸೆಟ್ಟಿಂಗ್ ಅಳಿಸಿಹೋಗಿ ಫಾಸ್ಟ್ ಬೂಟ್ ಆಫ್ ಆಗಿರಬಹುದು, ಡಿಸ್ಕ್ ಬದಲು ನೆಟ್‌ವರ್ಕ್‌ನಿಂದ ಆನ್ ಆಗೋಕೆ ನೋಡೋ ನೆಟ್‌ವರ್ಕ್ ಬೂಟ್ ಮೊದಲನೇ ಸಾಲಿಗೆ ಬಂದು ಕೂತಿರಬಹುದು. ಡಿಡಿಆರ್5 ಮೆಷಿನ್‌ಗೆ ಹೊಸದಾಗಿ ರ‍್ಯಾಮ್ ಹಾಕಿದ್ರೆ ಮೊದಲ ಸಲ ಕೆಲವು ನಿಮಿಷ ಸ್ಕ್ರೀನ್ ಕಪ್ಪಗಿರೋದು ಮಾಮೂಲಿ, ಭಯಪಟ್ಟು ನಡುವೆ ಪವರ್ ಆಫ್ ಮಾಡಬೇಡಿ.