ಕೈ ಆಡುವ ಮೊದಲೇ ಮೆದುಳಿಗೆ ಗೊತ್ತಿತ್ತಾ?

ಎದುರಿಗೆ ಗಡಿಯಾರದಂಥ ಒಂದು ಪರದೆ. ಅದರಲ್ಲಿ ಬೆಳಕಿನ ಚುಕ್ಕಿ 2.56 ಸೆಕೆಂಡಿಗೆ ಒಂದು ಸುತ್ತು ಹಾಕುತ್ತಿದೆ. ನೋಡುತ್ತ ಕೂತವರ ತಲೆಗೆ ತಂತಿ ಅಂಟಿಸಿದ್ದಾರೆ. ಅವರಿಗೆ ಕೊಟ್ಟ ಕೆಲಸ ಇಷ್ಟೇ: ಮನಸ್ಸು ಬಂದಾಗ ಮಣಿಕಟ್ಟು ಬಗ್ಗಿಸಬೇಕು. ಮನಸ್ಸು ಬಂದ ಗಳಿಗೆಯಲ್ಲಿ ಚುಕ್ಕಿ ಎಲ್ಲಿತ್ತು ಅಂತ ಆಮೇಲೆ ಹೇಳಬೇಕು.

ಅಮೆರಿಕದ ಮೆದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ ನಡೆಸಿದ ಈ ಪ್ರಯೋಗದ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಕೈ ಆಡುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮುಂಚೆ 'ಈಗ ಆಡಿಸೋಣ' ಅನ್ನಿಸಿತು ಎಂದರು ಜನ. ಆದರೆ ಮೆದುಳಿನಲ್ಲಿ ವಿದ್ಯುತ್ ಸಂಕೇತದ ಏರಿಕೆ ಅದಕ್ಕೂ ಮುಂಚೆ, ಕೈ ಆಡುವುದಕ್ಕೆ ಅರ್ಧ ಸೆಕೆಂಡಿಗೂ ಜಾಸ್ತಿ ಇರುವಾಗಲೇ, ಶುರುವಾಗಿತ್ತು. ಹಾಗಾದರೆ ನಾವು ನಿರ್ಧರಿಸುವ ಮೊದಲೇ ಎಲ್ಲ ತೀರ್ಮಾನವಾಗಿತ್ತಾ? ಇಚ್ಛಾಸ್ವಾತಂತ್ರ್ಯ ಬರೀ ಭ್ರಮೆ ಎಂದು ಹಲವರು ಬರೆದರು. ಲಿಬೆಟ್ ಅಷ್ಟು ದೂರ ಹೋಗಲಿಲ್ಲ. ಕೊನೇ ಗಳಿಗೆಯಲ್ಲಿ 'ಬೇಡ' ಅನ್ನುವ ಅವಕಾಶ ನಮಗಿದೆ ಎಂದೇ ಅವರು ನಂಬಿದ್ದರು.

ನನ್ನ ಗಮನ ಹೋಗುವುದು ಆ ಏರಿಕೆಯನ್ನು ಅಳೆದ ರೀತಿಯ ಕಡೆಗೆ. ಒಂದೇ ಸಲದ ಅಳತೆಯಲ್ಲಿ ಅದನ್ನು ಗುರುತಿಸುವುದು ಕಷ್ಟ. ಮೆದುಳಿನ ಉಳಿದ ಗದ್ದಲದಲ್ಲಿ ಮುಚ್ಚಿಹೋಗಿರುತ್ತದೆ. ಹಾಗಾಗಿ ಹತ್ತಾರು ಸಲದ ಅಳತೆಗಳನ್ನು ಕೈ ಆಡಿದ ಕ್ಷಣಕ್ಕೆ ಹೊಂದಿಸಿಟ್ಟು ಸರಾಸರಿ ತೆಗೆಯುತ್ತಾರೆ. ಅಂದರೆ ಕೈ ಆಡಿದ ಮೇಲೆ ಹಿಂದಕ್ಕೆ ತಿರುಗಿ ನೋಡಿದ್ದು ಇದು. ಸಂಕೇತ ಏರಿಯೂ ಕೈ ಆಡದೇ ಇದ್ದ ಗಳಿಗೆಗಳು ಲೆಕ್ಕಕ್ಕೇ ಬರಲಿಲ್ಲ.

2012ರಲ್ಲಿ ಆರನ್ ಶುರ್ಗರ್ ಮತ್ತು ಸಂಗಡಿಗರು ಹಿಡಿದದ್ದು ಈ ಎಳೆಯನ್ನೇ. ಸುಮ್ನೆ ಕೂತಾಗಲೂ ಮೆದುಳಿನ ಚಟುವಟಿಕೆ ತನ್ನಷ್ಟಕ್ಕೆ ಏರಿಳಿಯುತ್ತಿರುತ್ತದೆ. ಇದೇ ಗಳಿಗೆಯಲ್ಲಿ ಆಡಿಸಬೇಕು ಅನ್ನಲು ಯಾವ ಕಾರಣವೂ ಇಲ್ಲದಾಗ, ಆ ಏರಿಳಿತ ಒಂದು ಮಟ್ಟ ದಾಟಿದರೆ ಕೈ ಆಡುತ್ತದೆ ಎಂಬುದು ಅವರ ವಿವರಣೆ. ಕೆರೆ ಕೋಡಿ ಬಿದ್ದ ದಿನದಿಂದ ಹಿಂದಕ್ಕೆ ನೋಡಿದರೆ ನೀರು ಏರುತ್ತಲೇ ಬಂದದ್ದು ಕಾಣುತ್ತದೆ. ಹಾಗಂತ ನೀರು ಏರಿದ ವರ್ಷವೆಲ್ಲ ಕೋಡಿ ಬೀಳುವುದಿಲ್ಲ, ಅಲ್ವಾ?

ನಿರ್ಧಾರಕ್ಕೊಂದು ಕಾರಣ ಇದೆ ಅನ್ನುವುದು ಬೇರೆ, ಅದನ್ನು ಮೊದಲೇ ಹೇಳಬಹುದು ಅನ್ನುವುದು ಬೇರೆ. 2008ರಲ್ಲಿ ಜರ್ಮನಿಯ ತಂಡವೊಂದು ಮೆದುಳಿನ ಸ್ಕ್ಯಾನ್ ನೋಡಿ, ವ್ಯಕ್ತಿ ಎಡಗಡೆ ಗುಂಡಿ ಒತ್ತುತ್ತಾನೋ ಬಲಗಡೆಯದ್ದೋ ಎಂದು ಹಲವು ಸೆಕೆಂಡ್ ಮುಂಚೆಯೇ ಊಹಿಸಿತು. ದೊಡ್ಡ ಸುದ್ದಿಯಾಯಿತು. ಆದರೆ ಊಹೆ ಸರಿಯಾದದ್ದು ಶೇಕಡಾ 60ರಷ್ಟು ಮಾತ್ರ. ನಾಣ್ಯ ಚಿಮ್ಮಿದರೂ 50 ಸಿಗುತ್ತದೆ.

ಅದೂ ಅಲ್ಲದೆ, ಮಣಿಕಟ್ಟು ಬಗ್ಗಿಸುವುದು ಎಂಥ ನಿರ್ಧಾರ? 2019ರಲ್ಲಿ ಉರಿ ಮಾವೋಜ್ ಮತ್ತು ಸಂಗಡಿಗರು ಬೇರೆ ಥರದ ಪರೀಕ್ಷೆ ಮಾಡಿದರು. ಎರಡು ಸೇವಾ ಸಂಸ್ಥೆಗಳಲ್ಲಿ ಯಾವುದಕ್ಕೆ 1000 ಡಾಲರ್ ದೇಣಿಗೆ ಹೋಗಬೇಕು ಎಂದು ಜನ ಆರಿಸಬೇಕಿತ್ತು. ಯಾವುದನ್ನು ಆರಿಸಿದರೂ ಎರಡಕ್ಕೂ ಸಮಪಾಲು ಎಂದಾಗ ಲಿಬೆಟ್ ಕಂಡ ಏರಿಕೆ ಕಾಣಿಸಿತು. ಆಯ್ಕೆಯಿಂದ ನಿಜಕ್ಕೂ ವ್ಯತ್ಯಾಸ ಆಗುತ್ತದೆ ಎಂದಾಗ, ಜನ ಯೋಚಿಸಿ ಆರಿಸಿದಾಗ, ಅದು ಹೆಚ್ಚುಕಮ್ಮಿ ಕಾಣಲೇ ಇಲ್ಲ.