ಲಿಂಗ್ವಲ್ ಥೈರಾಯ್ಡ್: ಗಡ್ಡೆಯಂತೆ ಕಾಣುವ ಗ್ರಂಥಿ

ನಿಪ್ಪಾಣಿ ಕಡೆ ತಂಬಾಕಿನ ಊರುಗಳಲ್ಲಿ ಬಾಯೊಳಗೆ ಗಂಟು ಅಂದರೆ ಸಾಕು, ಎಲ್ಲರಿಗೂ ಮೊದಲು ನೆನಪಾಗುವುದು ಕ್ಯಾನ್ಸರ್. ಆ ಹೆದರಿಕೆ ಸುಮ್ನೆ ಬಂದದ್ದಲ್ಲ, ತೋರಿಸಿಕೊಳ್ಳಲೇಬೇಕು. ಆದರೆ ನಾಲಿಗೆಯ ಬುಡದಲ್ಲಿ, ಸರಿಯಾಗಿ ನಡುವೆ, ನುಣ್ಣಗೆ ಕೆಂಪಗಿರುವ ಗಂಟು ಥೈರಾಯ್ಡ್ ಗ್ರಂಥಿಯೇ ಆಗಿರಬಹುದು. ಅದೇ ಲಿಂಗ್ವಲ್ ಥೈರಾಯ್ಡ್, ಅಂದರೆ ನಾಲಿಗೆಯಲ್ಲೇ ಉಳಿದ ಥೈರಾಯ್ಡ್.

ಎಲ್ಲರ ಥೈರಾಯ್ಡೂ ಹುಟ್ಟುವುದು ನಾಲಿಗೆಯ ಬುಡದಲ್ಲೇ. ಭ್ರೂಣಕ್ಕೆ ಮೂರು-ನಾಲ್ಕು ವಾರವಾದಾಗ ಅಲ್ಲಿ ಮೊಳೆತು, ಏಳನೇ ವಾರದ ಹೊತ್ತಿಗೆ ಕುತ್ತಿಗೆಗೆ ಇಳಿಯುತ್ತದೆ. ಅಪರೂಪಕ್ಕೆ ಕೆಲವರಲ್ಲಿ ಇಳಿಯುವುದೇ ಇಲ್ಲ. ಒಂದರಿಂದ ಮೂರು ಲಕ್ಷ ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎನ್ನುವುದು ಒಂದು ಅಂದಾಜು. ಹೆಂಗಸರಲ್ಲಿ ಜಾಸ್ತಿ. ಮೈನೆರೆಯುವ ವಯಸ್ಸಿನಲ್ಲಿ, ಬಸುರಿದ್ದಾಗ ದೇಹಕ್ಕೆ ಹೆಚ್ಚು ಹಾರ್ಮೋನ್ ಬೇಕಾಗಿ ಗ್ರಂಥಿ ಊದಿಕೊಳ್ಳುತ್ತದೆ. ನುಂಗುವಾಗ ಏನೋ ಅಡ್ಡ ಸಿಕ್ಕಂತಾಗುತ್ತದೆ, ದನಿ ಬದಲಾಗುತ್ತದೆ.

ಆಪರೇಶನ್‌ಗೆಂದು ಮಿರಜ್‌ಗೋ ಹುಬ್ಬಳ್ಳಿಗೋ ಹೊರಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ: ಕುತ್ತಿಗೆಯಲ್ಲಿ ಬೇರೆ ಥೈರಾಯ್ಡ್ ಇದೆಯಾ? ಲಿಂಗ್ವಲ್ ಥೈರಾಯ್ಡ್ ಇರುವವರಲ್ಲಿ ಸುಮಾರು ಶೇ 70ರಷ್ಟು ಜನರಿಗೆ ಇರುವುದು ಅದೊಂದೇ. ಗಡ್ಡೆ ಅಂತ ಕತ್ತರಿಸಿ ತೆಗೆದರೆ ಜೀವನಪೂರ್ತಿ ಹಾರ್ಮೋನ್ ಮಾತ್ರೆಯೇ ಗತಿ. ಇದನ್ನು ನೋಡಲು ಕುತ್ತಿಗೆಯ ಅಲ್ಟ್ರಾಸೌಂಡ್ ಸಾಕು. ಬಸುರಿಯರಿಗೆ ಹೊಟ್ಟೆ ಸ್ಕ್ಯಾನ್ ಮಾಡುವ ಮಷೀನೇ ಅದು, ಬಾಗಲಕೋಟೆ, ವಿಜಯಪುರದಲ್ಲೇ ಆಗುತ್ತದೆ.

ಖಚಿತ ಮಾಡುವುದು ಟೆಕ್ನೀಷಿಯಂ ಸ್ಕ್ಯಾನ್, ಅಂದರೆ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತುವನ್ನು ಮೈಗೆ ಕೊಟ್ಟು ತೆಗೆಯುವ ಚಿತ್ರ. ಥೈರಾಯ್ಡ್ ಅಯೋಡಿನ್ ಹೀರುವ ಹಾಗೆ ಟೆಕ್ನೀಷಿಯಂ ಅನ್ನೂ ಹೀರುತ್ತದೆ. ಚಿತ್ರದಲ್ಲಿ ನಾಲಿಗೆಯ ಬುಡ ಎದ್ದು ಕಂಡು, ಕುತ್ತಿಗೆ ಖಾಲಿ ಇದ್ದರೆ ಉತ್ತರ ಸಿಕ್ಕಿತು. ಇದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿರುವ ದೊಡ್ಡ ಆಸ್ಪತ್ರೆಯೇ ಬೇಕು. ಜೊತೆಗೆ ಟಿಎಸ್‌ಎಚ್ ರಕ್ತಪರೀಕ್ಷೆ. ಥೈರಾಯ್ಡ್‌ಗೆ ಕೆಲಸ ಮಾಡು ಎಂದು ಮೆದುಳಿನ ಬುಡದ ಗ್ರಂಥಿ ಕಳಿಸುವ ಹಾರ್ಮೋನೇ ಟಿಎಸ್‌ಎಚ್. ಈ ಗ್ರಂಥಿ ಸಾಮಾನ್ಯವಾಗಿ ಬೇಕಾದಷ್ಟು ಹಾರ್ಮೋನ್ ಕೊಡುವುದಿಲ್ಲ, ಹಾಗಾಗಿ ಟಿಎಸ್‌ಎಚ್ ಏರಿರುತ್ತದೆ.

ತುಣುಕು ತೆಗೆದು ಪರೀಕ್ಷಿಸುವ ಬಯಾಪ್ಸಿಗೆ ಮಾತ್ರ ಆತುರ ಬೇಡ. ಗ್ರಂಥಿಯಲ್ಲಿ ರಕ್ತನಾಳಗಳು ಜಾಸ್ತಿ, ಬಾಯೊಳಗೆ ರಕ್ತ ಸುರಿದರೆ ನಿಲ್ಲಿಸುವುದು ಕಷ್ಟ. ಈ ಗ್ರಂಥಿಗೂ ಕ್ಯಾನ್ಸರ್ ಆಗಬಹುದು, ಆದರೆ ತೀರಾ ಅಪರೂಪ. ಅನುಮಾನ ಉಳಿದರೆ ಸೂಜಿ ಹಾಕಿ ನೋಡುತ್ತಾರೆ.

ತೊಂದರೆ ಕೊಡದಿದ್ದರೆ ಗಂಟನ್ನು ಹಾಗೇ ಬಿಟ್ಟು ಆಗಾಗ ತಪಾಸಣೆ ಮಾಡಿದರೆ ಆಯಿತು. ಹಾರ್ಮೋನ್ ಕಡಿಮೆ ಇದ್ದರೆ ಥೈರಾಕ್ಸಿನ್ ಮಾತ್ರೆ. ಅದರಿಂದ ಎಷ್ಟೋ ಸಲ ಗಂಟೂ ಕುಗ್ಗುತ್ತದೆ. ಉಸಿರು ಕಟ್ಟಿದರೆ, ರಕ್ತ ಬಂದರೆ, ಕ್ಯಾನ್ಸರ್ ಅನುಮಾನವಿದ್ದರೆ ಆಪರೇಶನ್ ಮಾತು.