ಬಣ್ಣ ಯಾರ ಕಣ್ಣಿಗೆ? ಆನೆಗೊಂದಿ ಬಂಡೆಯಿಂದ ಹವಳದ ದಿಬ್ಬದವರೆಗೆ

ಮೇ ತಿಂಗಳ ಕೊನೆಗೆ ಆನೆಗೊಂದಿ ಕಡೆ ಹೋದರೆ ಬಂಡೆಗಳ ಮೇಲಿನ ಓತಿಕ್ಯಾತಗಳನ್ನು ನೋಡುತ್ತಾ ಕೂರುವುದು ನನಗಿಷ್ಟ. ಹೆಣ್ಣು ಕಲ್ಲಿನ ಬಣ್ಣದ್ದೇ. ಅಲುಗದಿದ್ದರೆ ಕಾಣುವುದೇ ಇಲ್ಲ. ಗಂಡು ಹಾಗಲ್ಲ. ಹೆಣ್ಣು ಹತ್ತಿರ ಬಂದರೆ ಅದರ ಬೆನ್ನು ಕೆಂಪಾಗುತ್ತದೆ, ಪಕ್ಕೆ ಕಪ್ಪಾಗುತ್ತದೆ. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಇದನ್ನು ಅಳೆದು ತೋರಿಸಿದರು. ಮೈ ಒಂದೇ, ಆದರೆ ಎದುರಿಗೆ ಯಾರು ಇದ್ದಾರೆ ಅನ್ನುವುದರ ಮೇಲೆ ಬಣ್ಣ ಬೇರೆ.

ಈ ಪ್ರಾಣಿಯ ಹಿಂದೆ ಬಿದ್ದು ಓದುತ್ತಾ ಹೋದವನು ಹವಳದ ದಿಬ್ಬದ, ಅಂದರೆ ಹವಳ ಎಂಬ ಪುಟ್ಟ ಕಡಲಜೀವಿಗಳು ಕಟ್ಟಿದ ಸುಣ್ಣಕಲ್ಲಿನ ದಿಬ್ಬದ, ಮೀನುಗಳ ಹತ್ತಿರ ಬಂದು ನಿಂತೆ. ಕೊಪ್ಪಳಕ್ಕೂ ಸಮುದ್ರಕ್ಕೂ ಎಲ್ಲಿಯ ನಂಟು ಅನ್ನಿಸಬಹುದು. ನಮ್ಮ ಕಡೆ ಹವಳ ಅಂದರೆ ತಾಳಿಸರದ ಕೆಂಪು ಮಣಿ. ಮೀನು ಅಂದರೆ ತುಂಗಭದ್ರಾ ಹಿನ್ನೀರಿನ ರೋಹು, ಕಾಟ್ಲಾ. ಮಳೆಗಾಲದಲ್ಲಿ ಹೊಳೆ ನೀರು ಕೆಂಪು ರಾಡಿ. ಒಂದು ಮೊಳದ ಆಚೆ ಏನೂ ಕಾಣದು. ಅಂಥ ನೀರಲ್ಲಿ ಮೀನಿಗೆ ಮೀಸೆ, ಮೂಗು ನೆರವಾಗುತ್ತವೆ. ಬಣ್ಣ ತೊಟ್ಟು ಯಾರಿಗೆ ತೋರಿಸಬೇಕು? ಹವಳದ ದಿಬ್ಬದ ನೀರು ತಿಳಿ, ಮೇಲೆ ಪೂರ್ತಿ ಬಿಸಿಲು. ಅಲ್ಲಿ ಕಣ್ಣಿಗೆ ಕೆಲಸ ಜಾಸ್ತಿ. ಹಾಗಾಗಿ ಬಣ್ಣಕ್ಕೂ ಜಾಸ್ತಿ.

ಆದರೆ ಇಷ್ಟೊಂದು ಬಣ್ಣ ಯಾಕೆ? ತಿನ್ನುವವರು ಸುತ್ತ ಇರುವಾಗ ಹಳದಿ, ನೀಲಿ ಪಟ್ಟೆ ಹೊತ್ತು ತಿರುಗುವುದು ಜೀವಕ್ಕೇ ಅಪಾಯ ಅಲ್ವಾ? ಈ ಪ್ರಶ್ನೆಗೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಕಥೆಯಿದೆ.

1857ರ ಡಿಸೆಂಬರಿನಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಇಂದಿನ ಇಂಡೋನೇಷ್ಯಾದ ಅಂಬೋನ್ ಬಂದರಿಗೆ ಹೋದರು. ದೋಣಿಯಿಂದ ಬಗ್ಗಿ ನೋಡಿದರೆ ತಳವೆಲ್ಲ ಹವಳ, ಅದರ ಸಂದಿಯಲ್ಲಿ ನೀಲಿ, ಕೆಂಪು, ಹಳದಿ ಮೀನುಗಳು. ಎಷ್ಟು ಹೊತ್ತು ನೋಡಿದರೂ ಅವರಿಗೆ ಸಾಕಾಗಲಿಲ್ಲ. ಹತ್ತು ವರ್ಷದ ನಂತರ, 1867ರಲ್ಲಿ, ವ್ಯಾಲೇಸ್ ಅವರಿಗೆ ಡಾರ್ವಿನ್ ಒಂದು ಪ್ರಶ್ನೆ ಕೇಳಿದರು. ಕೆಲವು ಕಂಬಳಿಹುಳುಗಳು ಕಣ್ಣಿಗೆ ಹೊಡೆಯುವಂತೆ ಇರುತ್ತವಲ್ಲ, ಅದೇಕೆ? ವ್ಯಾಲೇಸ್ ಹೇಳಿದ್ದು ಇಷ್ಟು: ಅವು ತಿನ್ನಲು ಕೆಟ್ಟವು, ಅದನ್ನು ಹಕ್ಕಿಗಳಿಗೆ ಮೊದಲೇ ತಿಳಿಸುತ್ತಿವೆ.

ಎಚ್ಚರಿಕೆಯ ಬಣ್ಣ ಅನ್ನುವ ಈ ಮಾತು ಹವಳದ ದಿಬ್ಬಕ್ಕೂ ಹೊಂದುತ್ತದೆ. ಸಿಂಹಮೀನಿನ ಪಟ್ಟೆಗಳ ಜೊತೆ ವಿಷದ ಮುಳ್ಳುಗಳಿವೆ. ನೀಲಿ ಉಂಗುರದ ಆಕ್ಟೋಪಸ್ ಸಾಮಾನ್ಯವಾಗಿ ಮಂಕಾಗಿಯೇ ಇರುತ್ತದೆ. ಕೆಣಕಿದಾಗ ಮಾತ್ರ ಉಂಗುರಗಳು ಝಗ್ಗನೆ ಹೊಳೆಯುತ್ತವೆ. ಅದರ ವಿಷ ಮನುಷ್ಯನನ್ನೂ ಕೊಲ್ಲಬಲ್ಲದು. ಆದರೆ ಚಿಟ್ಟೆಮೀನು, ಏಂಜೆಲ್‌ಮೀನುಗಳಿಗೆ ಅಂಥ ವಿಷವಿಲ್ಲ. ಅವುಗಳ ಬಣ್ಣ ಯಾತಕ್ಕೆ?

ಉತ್ತರ ಸಿಗಲು ತಡವಾದದ್ದಕ್ಕೆ ಒಂದು ಸರಳ ಕಾರಣವಿದೆ. ವಿಜ್ಞಾನಿಗಳ ಕೈಗೆ ಬರುತ್ತಿದ್ದದ್ದು ಸತ್ತ ಮೀನು. ಸ್ಪಿರಿಟ್ ಜಾಡಿಗೆ ಹಾಕಿದರೆ ಬಣ್ಣ ಬಿಟ್ಟುಹೋಗುತ್ತದೆ. ನೀರಿಗೆ ಇಳಿದು ನೋಡುವವರು ಬೇಕಿತ್ತು. ಅಮೆರಿಕದ ಡಬ್ಲ್ಯು. ಎಚ್. ಲಾಂಗ್ಲಿ ಫ್ಲೋರಿಡಾದ ಡ್ರೈ ಟಾರ್ಟುಗಾಸ್ ದ್ವೀಪಗಳಲ್ಲಿ ಆ ಕೆಲಸ ಮಾಡಿದರು. 1926ರಲ್ಲಿ ಅವರೂ ಛಾಯಾಗ್ರಾಹಕ ಚಾರ್ಲ್ಸ್ ಮಾರ್ಟಿನ್ ಅವರೂ ತೆಪ್ಪದ ಮೇಲೆ ಮೆಗ್ನೀಶಿಯಂ ಪುಡಿ ಉರಿಸಿ, ಆ ಬೆಳಕಲ್ಲಿ ನೀರೊಳಗಿನ ಮೀನಿನ ಬಣ್ಣದ ಚಿತ್ರ ತೆಗೆದರು. ನೀರೊಳಗೆ ತೆಗೆದ ಮೊದಲ ಬಣ್ಣದ ಚಿತ್ರಗಳು ಅವು. ಲಾಂಗ್ಲಿ ಅವರ ವಾದ ವ್ಯಾಲೇಸ್‌ಗಿಂತ ಬೇರೆ. ಮೇಲಿಂದ ನೋಡಿದರೆ ಎದ್ದು ಕಾಣುವ ಮೀನು, ತನ್ನ ಜಾಗದಲ್ಲಿ ಸುತ್ತಲಿನ ಬಣ್ಣದ ಜೊತೆ ಬೆರೆತುಹೋಗುತ್ತದೆ ಎಂದು ಅವರು ಹೇಳಿದರು.

ಇಲ್ಲೊಂದು ಮಾತು ಹೇಳಲೇಬೇಕು. ಟೀವಿಯಲ್ಲಿ ನಾವು ನೋಡುವ ಕೆಂಡದಂಥ ಕೆಂಪು ಎಷ್ಟೋ ಸಲ ಕ್ಯಾಮೆರಾ ದೀಪ ತಂದದ್ದು. ಬಿಸಿಲಿನ ಕೆಂಪು ಬೆಳಕಿನ ಬಹುಪಾಲು ಮೊದಲ ಹತ್ತು ಮೀಟರಿನಲ್ಲೇ ನೀರಲ್ಲಿ ಇಂಗಿಹೋಗುತ್ತದೆ. ಅದಕ್ಕಿಂತ ಕೆಳಗೆ ಕೆಂಪು ಮೀನು ಬರೀ ಕಪ್ಪು ನೆರಳು. ನಮಗೆ ಅಲಂಕಾರದಂತೆ ಕಾಣುವುದು ಅದಕ್ಕೆ ಮರೆ.

ಪ್ರಾಣಿಗಳ ನಡವಳಿಕೆ ಅಧ್ಯಯನ ಮಾಡಿದ ಆಸ್ಟ್ರಿಯಾದ ವಿಜ್ಞಾನಿ ಕೊನ್ರಾಡ್ ಲೊರೆಂಜ್ 1962ರಲ್ಲಿ ಇನ್ನೊಂದು ಉತ್ತರ ಕೊಟ್ಟರು. ಅವರ ಪ್ರಕಾರ ಈ ಬಣ್ಣಗಳು ಗೋಡೆಗೆ ಹಚ್ಚಿದ ಪೋಸ್ಟರ್ ಇದ್ದಂತೆ. ಓದಬೇಕಾದವರು ಬೇಟೆಗಾರರಲ್ಲ, ತನ್ನದೇ ಜಾತಿಯ ಮೀನುಗಳು. ಈ ಜಾಗ ನನ್ನದು, ಆಚೆ ಹೋಗು ಎಂಬ ಬರಹ ಅದು. ಬಹಳ ಜನ ಇದನ್ನು ಒಪ್ಪಲಿಲ್ಲ. ಬಣ್ಣದ ಮೀನುಗಳಲ್ಲಿ ಜಗಳಗಂಟಿಗಳಲ್ಲದವೂ ಬೇಕಾದಷ್ಟಿವೆ. ಆದರೂ ಆ ಮಾತು ಪೂರ್ತಿ ಸುಳ್ಳಾಗಲಿಲ್ಲ. 2024ರಲ್ಲಿ ಬಂದ ಒಂದು ಅಧ್ಯಯನಕ್ಕಾಗಿ ಜಪಾನಿನ ಓಕಿನಾವಾದ ಸಂಶೋಧಕರು ಮೂರು ಬಿಳಿ ಪಟ್ಟೆಯ ಕ್ಲೌನ್ ಮೀನುಗಳ ಮುಂದೆ ಬೇರೆ ಬೇರೆ ಪಟ್ಟೆಗಳ ಬಿಲ್ಲೆಗಳನ್ನು ಹಿಡಿದರು. ಮೂರು ಪಟ್ಟೆಯ ಬಿಲ್ಲೆಯ ಮೇಲೆಯೇ ಅವು ಹೆಚ್ಚು ಎರಗಿದವು. ಪಟ್ಟೆ ಕಡಿಮೆಯಾದಂತೆ ಸಿಟ್ಟೂ ಇಳಿಯಿತು.

ಬಣ್ಣ ಬರೀ ಜಗಳಕ್ಕಲ್ಲ, ಕರೆಯುವುದಕ್ಕೂ ಇದೆ. ನಮ್ಮ ಹೊಲಗಳಲ್ಲಿ ಎಮ್ಮೆ ಬೆನ್ನೇರಿ ಉಣ್ಣಿ ಹೆಕ್ಕುವ ಗೊರವಂಕ ಗೊತ್ತಲ್ಲ. ದಿಬ್ಬದಲ್ಲಿ ಆ ಕೆಲಸ ಕ್ಲೀನರ್ ರಾಸ್ ಎಂಬ ಬೆರಳುದ್ದದ ಮೀನಿನದು. ನೀಲಿ ಮೈಗೆ ಕಪ್ಪು ಪಟ್ಟೆ. ದೊಡ್ಡ ಮೀನುಗಳು ಅದರ ಮುಂದೆ ಬಾಯಿ ತೆರೆದು ಸುಮ್ನೆ ನಿಲ್ಲುತ್ತವೆ. ಅದು ಒಳಗೆ ಹೋಗಿ ಹುಳು ಹೆಕ್ಕಿ, ಏನೂ ಆಗದೆ ಹೊರಗೆ ಬರುತ್ತದೆ. ಈ ನಂಬಿಕೆಯನ್ನು ಇನ್ನೊಂದು ಮೀನು ದುರುಪಯೋಗ ಮಾಡುತ್ತದೆ. ಥೇಟ್ ಅದೇ ಪಟ್ಟೆ, ಅದೇ ಕುಣಿತ. ಹತ್ತಿರ ಬಂದ ಮೇಲೆ ರೆಕ್ಕೆಯ ತುಂಡನ್ನೇ ಕಚ್ಚಿ ಓಡುತ್ತದೆ.

ಈ ಕಥೆಯ ದೊಡ್ಡ ತಿರುವು ಅಂದರೆ, ನನ್ನ ಮಟ್ಟಿಗೆ, 2000ನೇ ಇಸವಿಯಲ್ಲಿ ಬಂದ ಜಸ್ಟಿನ್ ಮಾರ್ಷಲ್ ಅವರ ಪ್ರಬಂಧ. ಆಸ್ಟ್ರೇಲಿಯಾದ ಈ ವಿಜ್ಞಾನಿ ನಮ್ಮ ಕಣ್ಣನ್ನು ಪಕ್ಕಕ್ಕಿಟ್ಟರು. ಮೀನಿನ ಬಣ್ಣ, ಹಿಂದಿನ ಹವಳದ ಬಣ್ಣ, ನೀರಿನ ಬೆಳಕು ಎಲ್ಲವನ್ನೂ ಉಪಕರಣದಿಂದ ಅಳೆದು, ಮೀನಿನ ಕಣ್ಣಿಗೆ ಅದು ಹೇಗೆ ಕಂಡೀತು ಎಂದು ಲೆಕ್ಕ ಹಾಕಿದರು. ನೀಲಿ ಬಣ್ಣ ತೆರೆದ ನೀರಿನ ಹಿನ್ನೆಲೆಗೆ ಹೊಂದುತ್ತದೆ. ಹಳದಿ, ನಮಗೆ ಎಷ್ಟೇ ಢಾಳಾಗಿ ಕಂಡರೂ, ಮೀನಿನ ಕಣ್ಣಿಗೆ ದಿಬ್ಬದ ಸರಾಸರಿ ಬಣ್ಣಕ್ಕೆ ಹತ್ತಿರ. ಎರಡನ್ನೂ ಒತ್ತೊತ್ತಾಗಿ ಗೆರೆ ಎಳೆದರೆ ಇನ್ನೂ ಸೊಗಸು. ಅಜ್ಜಿಯ ಸಣ್ಣ ಚೌಕಳಿಯ ಇಳಕಲ್ ಸೀರೆ ನೆನಪಾಗುತ್ತದೆ. ತೊಡೆ ಮೇಲೆ ಕೂತಾಗ ಒಂದೊಂದು ಎಳೆಯೂ ಬೇರೆ. ಅದೇ ಸೀರೆ ಓಣಿಯ ಕೊನೆಯಿಂದ ನೋಡಿದರೆ ಒಂದೇ ಬಣ್ಣ. ಮೀನುಗಳ ನೋಟ ನಮ್ಮಷ್ಟು ಚುರುಕಲ್ಲ. ಹಾಗಾಗಿ ಅವಕ್ಕೆ ಸ್ವಲ್ಪ ದೂರದಲ್ಲೇ ಗೆರೆಗಳು ಕಲಸಿಹೋಗುತ್ತವೆ. ಪಕ್ಕದಲ್ಲಿರುವ ಸಂಗಾತಿಗೆ ಜೋರಾಗಿ ಕಾಣುವ ಮೀನು ದೂರದ ಬೇಟೆಗಾರನಿಗೆ ಕಾಣದಾಗುತ್ತದೆ. ವ್ಯಾಲೇಸ್, ಲಾಂಗ್ಲಿ, ಲೊರೆಂಜ್ ಬೇರೆ ಬೇರೆ ದೂರದಿಂದ ನೋಡಿದ್ದರು.

ಮತ್ತೆ ಅಂಬೋನ್‌ಗೆ ಬರೋಣ. ಆ ಊರಿನ ಹೆಸರನ್ನೇ ಹೊತ್ತ ಒಂದು ಪುಟ್ಟ ಹಳದಿ ಮೀನಿದೆ, ಅಂಬೋನ್ ಡ್ಯಾಮ್ಸೆಲ್. ಅದರ ಮುಖದ ಮೇಲೆ ಚುಕ್ಕಿ, ಗೆರೆಗಳ ಚಿತ್ತಾರವಿದೆ. ಅದು ನೇರಳಾತೀತ ಬೆಳಕಲ್ಲಿ ಮಾತ್ರ ಕಾಣುವಂಥದು. ನಮ್ಮ ಕಣ್ಣಿನ ಮಸೂರ ಆ ಬೆಳಕನ್ನು ತಡೆಯುತ್ತದೆ. ಬೇಟೆಯಾಡುವ ದೊಡ್ಡ ಮೀನುಗಳಲ್ಲಿ ಹೆಚ್ಚಿನವಕ್ಕೂ ಅದು ಕಾಣದು. 2010ರಲ್ಲಿ ಉಲ್ರಿಕೆ ಸೀಬೆಕ್ ಮತ್ತು ಸಂಗಡಿಗರು ತೋರಿಸಿದ ಹಾಗೆ, ಈ ಮೀನು ಆ ಚಿತ್ತಾರ ನೋಡಿಯೇ ತನ್ನವರು ಯಾರು, ಪಕ್ಕದ ಜಾತಿಯವರು ಯಾರು ಎಂದು ಗುರುತಿಸುತ್ತದೆ. ವ್ಯಾಲೇಸ್ ದೋಣಿಯಲ್ಲಿ ಕೂತು ಇಡೀ ದಿನ ನೋಡಿದ್ದರೂ ಅವರಿಗೆ ಈ ಬರಹ ಸಿಗುತ್ತಿರಲಿಲ್ಲ.

ಈಗ ಈ ಬಣ್ಣಗಳೇ ಕಡಿಮೆಯಾಗುತ್ತಿವೆ. ಹವಳದ ಬಣ್ಣದ ಬಹುಪಾಲು ಅದರ ಮೈಯೊಳಗೆ ಬದುಕುವ ಸೂಕ್ಷ್ಮ ಪಾಚಿಯದು. ಹವಳಕ್ಕೆ ಊಟ ಕೊಡುವುದೂ ಅದೇ. ನೀರು ಬಹಳ ದಿನ ಬಿಸಿಯಾಗಿದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998ರಲ್ಲಿ ಇದು ಮೊದಲ ಬಾರಿಗೆ ಜಗತ್ತಿನಾದ್ಯಂತ ಆಯಿತು. ನಮ್ಮ ಲಕ್ಷದ್ವೀಪವೂ ಆಗ ಬಹಳ ಪೆಟ್ಟು ತಿಂದಿತು. 2024ರ ಏಪ್ರಿಲ್‌ನಲ್ಲಿ ಇಂಥ ನಾಲ್ಕನೆಯ ಹೊಡೆತವನ್ನು ಘೋಷಿಸಲಾಯಿತು.

ಮೀನುಗಳಿಗೆ ಏನಾಗುತ್ತದೆ? ಆಸ್ಟ್ರೇಲಿಯಾದಲ್ಲಿ 2022ರಲ್ಲಿ ಬಂದ ಒಂದು ಅಧ್ಯಯನ ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಕೊಂಬೆ ಕೊಂಬೆಯಾದ ಹವಳ ಹೋಗಿ ಬರೀ ಪುಡಿಕಲ್ಲು ಉಳಿದ ಕಡೆ ಮೀನುಗಳ ಬಣ್ಣವೂ ಮಂಕು. ಇದ್ದ ಮೀನುಗಳು ಬಣ್ಣ ಬದಲಿಸಿದವು ಅಂತಲ್ಲ. ಬಣ್ಣದ ಮೀನುಗಳು ಅಲ್ಲಿ ಕಡಿಮೆ, ಉಳಿದವು ಹೆಚ್ಚಾಗಿ ಮಂಕು ಮೀನುಗಳೇ. ಬಣ್ಣ ತೊಟ್ಟವರಿಗೆ ಪಕ್ಕದಲ್ಲೇ ಒಂದು ಸಂದು ಬೇಕು, ಹೆದರಿಕೆಯಾದಾಗ ನುಸುಳಲು.

ಮೊನ್ನೆ ಆನೆಗೊಂದಿಯಲ್ಲಿ ಕೂತಿದ್ದಾಗ ಬಂಡೆಯ ಮೇಲೆ ಹದ್ದಿನ ನೆರಳು ಹಾದುಹೋಯಿತು. ಕೆಂಪು ಬೆನ್ನಿನ ಗಂಡು ಓತಿಕ್ಯಾತ ಎರಡು ಕಲ್ಲುಗಳ ನಡುವಿನ ಬಿರುಕಿಗೆ ಸರಕ್ಕನೆ ನುಗ್ಗಿತು. ಸ್ವಲ್ಪ ಹೊತ್ತಾದ ಮೇಲೆ ಮೊದಲು ತಲೆ ಹೊರಗೆ ಬಂತು, ಆಮೇಲೆ ಮೈ. ಬೆನ್ನಿನ ಕೆಂಪು ಮಾಸಿತ್ತು. ಆಚೆ ಬಂಡೆಯ ಮೇಲೆ ಹೆಣ್ಣು ಇನ್ನೂ ಕೂತೇ ಇತ್ತು.